ಎಡಗಡೆಯ ಕಟಾಂಜನ

ಹಿತ್ತಾಳೆ ತಂತಿ, ಕೂದಲಿಗಿಂತ ಒಂಚೂರು ದಪ್ಪ.
ಹಲಸಿನ ತುಂಡಿನಲ್ಲಿ ಗೀರು ಕೊರೆದು
ಕಂಬಗಳನ್ನು ಮಲಗಿಸಿದ್ದೇನೆ, ಅಡ್ಡಕ್ಕೆ ಮೂರು ಸಾಲು.
ಒಂದು ಕಂಬಕ್ಕೆ ಮೂರು ಬೆಸುಗೆ,
ನಲವತ್ತೆರಡು ಕಂಬ. ಲೆಕ್ಕ ನೀವೇ ಹಾಕಿ.

ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಹೇರ್‌ಸ್ಪ್ರಿಂಗ್ ಕೂರಿಸಿದ ಕೈ ಇದು.
ಗೇಟಿಗೆ ಬೀಗ ಬಿದ್ದ ದಿನ
ಚಿಮಟ, ಕಣ್ಣಿಗೆ ಕಚ್ಚಿಸುವ ಭೂತಗನ್ನಡಿ
ನನ್ನ ಜೊತೆ ಬಟವಾಡಿ ಬಸ್ಸು ಹತ್ತಿದವು.

ಈಗ ಹಡಗು. ತುಮಕೂರಿನಲ್ಲಿ!
ಅಮಾನಿಕೆರೆಗಿಂತ ದೊಡ್ಡ ನೀರು ಕಂಡವಳಲ್ಲ ನಾನು.

ಈ ಕೆಲಸದ ಪಾಡು ಇಷ್ಟೇ:
ಎರಡನೆಯದನ್ನು ಬೆಸೆಯಲು ಹೋದರೆ
ಕಾವು ಹರಿದು ಮೊದಲನೆಯದು ಬಿಟ್ಟುಕೊಳ್ಳುತ್ತದೆ.
ಅದಕ್ಕೇ ಪಕ್ಕದ ಕೀಲಿಗೆ ಒದ್ದೆ ಹತ್ತಿ,
ಸಾಸಿವೆಯ ಕಾಲುಭಾಗ ಸೀಸ,
ಮುಟ್ಟು, ಎತ್ತು. ಫ್ಯಾನು ಬೇಡ. ಸೀನಲೂ ಬೇಡ.

ಹನ್ನೊಂದು ದಿನ. ಸ್ಕೇಲಿಟ್ಟು ನೋಡಿದರೂ ನೇರ.

ಮಾಡಿಸಿದ ಹುಚ್ಚವೀರಯ್ಯನವರು ಬಂದರು,
ಆ ಹಡಗಿನ ಎಂಜಿನ್ನಿಗೆ ಎಣ್ಣೆ ಬಿಟ್ಟವರು.
ಉಗುರೆತ್ತರದ ಕಂಬಗಳನ್ನು ಎಣಿಸುತ್ತಾ ಹೋಗಿ
ಹಿಂದಿನಿಂದ ಐದನೆಯದರ ಬಳಿ ಬೆರಳಿಟ್ಟರು.
‘ಇಲ್ಲಿ ಹೊರಕ್ಕೆ ಬಾಗಿತ್ತಮ್ಮ, ಸ್ವಲ್ಪ.’

ಯಾಕೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.
ಕಾಫಿ ಆರಿತು.

ನೇರ ಮಾಡಿದ್ದನ್ನೇ ಚಿಮಟದಲ್ಲಿ ಹಿಡಿದು
ಉಸಿರು ಕಟ್ಟಿ ಬಾಗಿಸಿದೆ.

ಇನ್ನೂ, ಅಂದರು.

ಇನ್ನೊಂದು ಕೂದಲೆಳೆ.

ಬೆಸುಗೆ ಬಿಡಲಿಲ್ಲ.