ಅಜ್ಜಿಗೆ ದೂರ

ಅನಗವಾಡಿ ಸೇತುವೆಯ ಮೇಲೆ ಬಸ್ಸು
ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕು ನಿಂತಾಗ
ತೊಡೆಯ ಮೇಲಿನ ಕಟ್ಟಿನಿಂದ ಒಂದು ಪೇಪರು ಎಳೆದೆ.
ಎಂಟನೆಯ ‘ಬ’ ವಿಭಾಗ, ಯಲಗೂರೇಶ ಹಳ್ಳೂರ.
ಕೆಂಪು ಪೆನ್ನಿನ ಮುಚ್ಚಳ ಹಲ್ಲಿನಲ್ಲಿ.

ದೂರದ ಮೇಲೆ ಐದು ವಾಕ್ಯ ಬರೆಯಿರಿ ಅಂದಿದ್ದೆ.
‘ಇನ್ ಎ ಡಿಸ್ಟೆನ್ಸ್’ ಅಂತಿದ್ದದ್ದನ್ನು ‘ಆ್ಯಟ್’ ಮಾಡಿದೆ.
ನೀರಿನ ಟಾಕಿ ಶಾಲೆಯಿಂದ ನೂರು ಮೀಟರ್ ‘ಇನ್‌ಸೈಡ್’.
ಡಬ್ಬಿಯ ಒಳಗೆ, ನೂರು ಮೀಟರಿನ ಒಳಗೆ,
ಅವನಿಗೆ ಒಳಗೆ ಎಂದರೆ ಒಳಗೆ.
‘ವಿದಿನ್’ ಮಾಡಿದೆ.

ತಪ್ಪು ಅವನೊಬ್ಬನದಲ್ಲ.
ನಮ್ಮಲ್ಲಿ ಊರ ಹೆಸರು ಮೊದಲು ಬಾಯಿಗೆ ಬರುತ್ತದೆ,
‘ಇಂದ’ವೋ ‘ಗೆ’ಯೋ ಆಮೇಲೆ,
ತುಂಬಿದ ಚೀಲದ ಬಾಯಿಗೆ ಕಡೆಗೆ ಹಾಕುವ ದಾರದಂತೆ.
ಆ ಭಾಷೆಯಲ್ಲಿ ಊರನ್ನು ಹೆಸರಿಸುವ ಮೊದಲೇ
ತೀರ್ಮಾನ ಆಗಿರಬೇಕು:
ಅದರ ಕಡೆ ಹೊರಟಿದ್ದೀಯೋ, ಬಿಟ್ಟು ಬಂದಿದ್ದೀಯೋ.
ಬಿ.ಎಡ್.ನಲ್ಲಿ ನನಗೂ ಇದೇ ಕೈಕೊಡುತ್ತಿತ್ತು.
‘ಬಾಯಿಪಾಠ ಮಾಡ್ರೆವಾ, ಕಾರಣ ಕೇಳಬ್ಯಾಡ್ರಿ’
ಅನ್ನುತ್ತಿದ್ದರು ಕಟಗೇರಿ ಮೇಡಂ.

ಐದನೆಯ ವಾಕ್ಯ.
ಅವರ ಹಳೇ ಊರು ‘ಫಾರ್ ಟು ಮೈ ಗ್ರ್ಯಾಂಡ್‌ಮದರ್’.
‘ಟು’ ಹೊಡೆದೆ. ಮೇಲೆ ‘ಫ್ರಮ್’.
ಅರ್ಧ ಮಾರ್ಕು ಕಟ್.

ಬಸ್ಸು ಇನ್ನೂ ನಿಂತೇ ಇತ್ತು.
ಕಂಡಕ್ಟರ್ ಇಳಿದು ಟ್ರ್ಯಾಕ್ಟರಿನವನ ಜೊತೆ ವಾದಕ್ಕೆ ನಿಂತಿದ್ದ.
ಶಿವರಾತ್ರಿ ಕಳೆದು ಹಿನ್ನೀರು ಇಳಿದಿತ್ತು,
ಬಿರಿದ ಕೆಸರಿನಲ್ಲಿ ಯಾರದೋ ಮನೆಯ ಬುನಾದಿ,
ಅರ್ಧ ಕಟ್ಟೆ, ಅದರ ಮೇಲೊಂದು ಕೊಕ್ಕರೆ.

ಹೋದ ವರ್ಷ ಪಾಲಕರ ಸಭೆಗೆ ಬಂದಿದ್ದಳು ನಾಗಲವ್ವ,
ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ಕೂತು.
‘ನೀರು ಇಳದಾಗ ಊರು ಕಾಣತೈತ್ರಿ ಅಕ್ಕಾರ.
ಮದಲ ಅಲ್ಲಿಂದ ಇಲ್ಲಿಗೆ ಕೂಗಳತಿ.
ಈಗ ಈ ಮೊಣಕಾಲಿಗೆ
ಹರದಾರಿ ಆಗೈತಿ.’

ಮೊಣಕಾಲಿಗೆ.
ಮೊಣಕಾಲಿನಿಂದ ಅಂದಿರಲಿಲ್ಲ.

‘ಫ್ರಮ್’ ಹಾಕಿದರೆ ಅವಳನ್ನು ಗಡಿಗಲ್ಲಿನ ಹಾಗೆ ನೆಟ್ಟು
ಟೇಪು ಎಳೆಯಬೇಕು:
ಎರಡೂವರೆ ಕಿಲೋಮೀಟರ್, ಇಂದೂ ನಾಳೆಯೂ.
ಹುಡುಗ ಬರೆದದ್ದು ‘ಗೆ’.
ಅದರಲ್ಲಿ ಅವಳು ನಡೆಯುತ್ತಾಳೆ,
ನಡೆದಷ್ಟೂ ಊರು ಹಿಂದೆ ಸರಿಯುತ್ತದೆ.

ಆದರೂ ಇಂಗ್ಲಿಷಿನಲ್ಲಿ ಅದು ತಪ್ಪೇ.
ವಾರ್ಷಿಕ ಪರೀಕ್ಷೆಯ ಪೇಪರು ತಿದ್ದುವವರು ಬೇರೆ,
ಅವರಿಗೆ ನಾಗಲವ್ವ ಗೊತ್ತಿಲ್ಲ.
‘ಫ್ರಮ್’ ಹಾಗೇ ಬಿಟ್ಟೆ.
ಅಂಚಿನಲ್ಲಿ ‘ನಾಳೆ ಬಂದು ಕಾಣು’ ಎಂದು ಕನ್ನಡದಲ್ಲಿ ಬರೆದೆ,
ಬಂದರೆ ಏನು ಹೇಳುವುದೋ ತಿಳಿಯದೆ.

ಬಸ್ಸು ಜಗ್ಗಿ ಹೊರಟಿತು.
ಮುಚ್ಚಳ ಹಲ್ಲಿನಿಂದ ಜಾರಿ
ಹಿಂದಿನ ಸೀಟುಗಳ ಕಡೆ ಉರುಳಿತು.