ಎಂಟುನೂರು ರೂಪಾಯಿ ತಪಾಸಣಿ

ನವನಗರದಾಗ, ನೀರಿನ ಟಾಕಿ ಹಿಂದಿನ ಸಾಲಿನ ಮನಿ.
ಬಾಗಲಕ್ಕ ಪ್ಲಾಸ್ಟಿಕ್ಕಿನ ಮಾವಿನ ತೋರಣ.
ದಾವಲಸಾಬ ಗೌಂಡಿ ಚಪ್ಪಲಿ ಹೊರಗ ಬಿಟ್ಟ,
ಕಿಸೆದಾಗಿಂದ ಒಂದು ಗಾಜಿನ ಗೋಲಿ ತಗದು
ಪಡಸಾಲಿ ನಡುವ ಇಟ್ಟ.
ಗೋಲಿ ಒಂದು ಚಣ ವಿಚಾರ ಮಾಡಿ
ಅಡಗಿಮನಿ ಕಡೆ ಹೊಂಟಿತು.
"ಬಡಗಣಕ್ಕ ಪಾಯಾ ಕುಂತೈತಿ ಅಕ್ಕಾರ.
ಎರಿ ಭೂಮಿ. ಬ್ಯಾಸಗಿಗೆ ಬಾಯಿ ತಗೀತೈತಿ,
ಮಳಿಗೆ ಉಬ್ಬತೈತಿ."

ಇಪ್ಪತ್ತೆರಡು ವರ್ಷ ಬಾಡಗಿ ಮನ್ಯಾಗ ಇದ್ದಾಕಿ ನಾ,
ಬಸ್ಸಿನಾಗ ಟಿಕೆಟ್ ಹರದು ಕೂಡಿಟ್ಟ ರೊಕ್ಕ.
ಮಂದಿ ಮಾರಿ ನೋಡಿದ್ರ ಸಾಕು,
ಯಾರು ಟಿಕೆಟ್ ತಗೊಂಡಿಲ್ಲ ಗೊತ್ತಾಗತೈತಿ ನನಗ.
ಗೋಡಿ ಮಾರಿ ಓದಾಕ ಬರಲಿಲ್ಲ,
ಅದಕ್ಕ ಈತನ್ನ ಕರಕೊಂಡು ಬಂದೆ,
ಎಂಟುನೂರು ರೂಪಾಯಿ, ಮ್ಯಾಲ ಚಾ.

ಏನು ಬಯಸಿದ್ದೆ? ಹೇಳಾಕ ನಾಚಿಕಿ.
ಗೋಡಿಗೆ ಕಿವಿ ಹಚ್ಚಿ ಆತ ಹೇಳಲಿ ಅಂತ:
ಇಲ್ಲಿ ಮಗಳಿಗೆ ಓದು ಹತ್ತತೈತೋ,
ಬಾಜೂ ಮನ್ಯಾಕಿ ಸಕ್ಕರಿ ಕೇಳಿದ್ರ ಕೊಡತಾಳೋ,
ರಾತ್ರಿ ಕಡೀ ಟ್ರಿಪ್ ಮುಗಿಸಿ ಬಂದಾಗ
ಈ ಬೀಗ ಒಂದ ಸಲಕ್ಕ ತಗೀತೈತೋ.
ಮತ್ತ ಎಲ್ಲಾ ನೋಡಿ, ತಲಿ ಹಾಕಿ,
"ತಗೋಬೇ" ಅಂತ ಅನ್ನಲಿ ಅಂತ.

ಆತ ಬೆರಳ ಗಿಣ್ಣಿಲೆ ತಟ್ಟಿಕೋಂತ ನಡದ.
ಟಕ್ ಟಕ್ ಟಕ್ ಡಬ್.
ಡಬ್ ಅಂದಲ್ಲಿ ಖಡುವಿಲೆ ಒಂದು ಗುಂಡ ಬರದ.
"ಗಿಲಾವು ಸತ್ತೈತಿ. ಬಣ್ಣ ಮಾತ್ರ ಹಸಿ ಹಸಿ.
ಯಾವಾಗ ಹಚ್ಚಿಸಿದ್ರಿ ಮಾಸ್ತರ?"
ಮನಿ ಮಾರಾವ್ರ ಅಡ್ಡಹೆಸರು ಹೊಸಮನಿ.
"ದೀಪಾವಳಿಗೆ," ಅಂದ್ರು.
ಆಗ ಶ್ರಾವಣ.

ದಾವಲಸಾಬ ನಗಲಿಲ್ಲ. ಚಾ ಬಂತು.
ಬಸಿಯಾಗ ಸುರುವಿಕೊಂಡು ಹೇಳಿದ:
"ಹಳೇ ಊರು ಮುಳಗೂ ಮೊದಲ
ಸರ್ವೇದವರು ಬಂದಿದ್ರು.
ನಾ ಹನ್ನೊಂದು ವರ್ಷದಾಂವ,
ಟೇಪಿನ ಆ ತುದಿ ಹಿಡದು ನಿಂದರಾಂವ.
ಕಂಬ ಎಷ್ಟು, ಜಂತಿ ಎಷ್ಟು, ಬೇವಿನ ಗಿಡಕ್ಕ ಎಷ್ಟು.
ಅವರು ಬರೂ ಹಿಂದಿನ ರಾತ್ರಿ ಓಣಿ ತುಂಬ ಸುಣ್ಣ.
ನಮ್ಮವ್ವನೂ ಕಂದೀಲ ಇಟಗೊಂಡು ಬಳದಳು,
ನೀರಾಗ ಹೋಗೂ ಗೋಡಿಗೆ.
ಮುಂಜಾನಿ ಸಾಹೇಬ ಗೋಡಿ ಮುಟ್ಟಿದ,
ಅಂಗೈ ಬೆಳ್ಳಗಾತು.
ಅವ್ವನ ಮಾರಿ ನೋಡಿದ,
ಅಂಗೈ ಪ್ಯಾಂಟಿಗೆ ಒರಿಸಿಕೊಂಡು
ಪುಸ್ತಕದಾಗ 'ಸ್ಥಿತಿ ಉತ್ತಮ' ಅಂತ ಬರದ."

ಮಾಸ್ತರ ಖಾಲಿ ಕಪ್ಪು ಎತಗೊಂಡು ಒಳಗ ಹೋದ್ರು.
ಒಳಗಿಂದ ಏನೋ ಭಾರಾದ್ದು ಜಗ್ಗಿದ ಸಪ್ಪಳ.
"ಇದನ್ನೂ ನೋಡಿಬಿಡ್ರಿ."
ಟ್ರೇಜರಿ ಸರಿಸಿದ್ರು. ಹಿಂದ
ಮಾಳಗಿಯಿಂದ ನೆಲದ ತನಕ ಒಂದು ಬಿರಿ.
ಅದರಾಗ ಮಡಚಿ ತುರುಕಿದ ಹಳೇ ಉತ್ತರ ಪತ್ರಿಕಿ.
ಒಂದನ್ನ ನಾ ಜಗ್ಗಿ ತಗದೆ:
ಗಣಿತ, ಯಾವುದೋ ಹುಡುಗಂದು,
ಐವತ್ತಕ್ಕ ಹದಿನೇಳು.

ತಗೊಳ್ಳಲೋ ಬ್ಯಾಡೋ ಅಂತ ಕೇಳಿದೆ.
ದಾವಲಸಾಬ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಬಿರಿಗೆ ಅಡ್ಡ ಒಂದು ತೆಳು ಗಾಜಿನ ಪಟ್ಟಿ ಇಟ್ಟು
ಎರಡೂ ತುದಿಗೆ ಸಿಮೆಂಟ್ ಮೆತ್ತಿದ.
"ಎರಡು ಮಳಿ ತಡೀರಿ. ಗಾಜು ಒಡದ್ರ
ಗೋಡಿ ಇನ್ನೂ ನಡ್ಯಾಕತ್ತೈತಿ.
ಒಡೀಲಿಲ್ಲ ಅಂದ್ರ, ದಣದು ನಿಂತೈತಿ."

ಮಘಿ ಆತು, ಹುಬ್ಬಿ ಆತು.
ದಿನಾ ಮುಂಜಾನಿ ಮಾಸ್ತರ ಫೋನು:
"ಇವತ್ತೂ ಹಂಗ ಐತ್ರೀ."
ಒಮ್ಮೊಮ್ಮೆ ಮಗಳ ಪರೀಕ್ಷಿದೂ ಕೇಳತಿದ್ರು.

ನಿನ್ನೆ ರಾತ್ರಿ ಉತ್ತರಿ ಹಿಡೀತು, ಬಿಡಲಿಲ್ಲ.
ಇವತ್ತು ಫೋನು ಬಂದಾಗ ನಾ ಕೊಲ್ಹಾರದ ಬ್ರಿಜ್ ಮ್ಯಾಲ,
ಎರಡೂ ಕಡೆ ಕೆಂಪು ಹಿನ್ನೀರು,
ಬಸ್ಸಿನ ತುಂಬ ಒದ್ದಿ ಮಂದಿ.
"ಇನ್ನೂ ನೋಡಿಲ್ಲ. ನೋಡಲೋ,
ನೀವ ಬಂದು ನೋಡತೀರೋ?"
"ನೋಡ್ರಿ ಮಾಸ್ತರ," ಅಂದೆ.
ಫೋನು ಕಿವಿಗೆ ಒತ್ತಿ ಹಿಡದೆ.
ಅವರ ಹೆಜ್ಜಿ ಸಪ್ಪಳ,
ಪಡಸಾಲಿ ದಾಟಿ,
ಬಡಗಣಕ್ಕ, ಇಳಕಲಕ್ಕ.