ಎಫ್ ಸಾಲು, ಹನ್ನೊಂದು ಮತ್ತು ಹನ್ನೆರಡು

ಜೂನ್ ಮೂರಕ್ಕೆ ಕೋಚನ್ನು ತೆಗೆದರು.
ಹನ್ನೊಂದಕ್ಕೆ ಗೋಲ್‌ಕೀಪರ್ ಮಂಡಿ ಕೊಯ್ಸಿಕೊಂಡ.
ಇಪ್ಪತ್ತಾರನೇ ತಾರೀಕು
ಸ್ಕೂಲ್ ಬಸ್ಸಿನ ಕೊನೆಯ ಟ್ರಿಪ್ ಮುಗಿಸಿ
ಸೀಟಿನಡಿ ಅಂಟಿದ ಚೂಯಿಂಗ್ ಗಮ್ ಕೆರೆಯುತ್ತಿದ್ದೆ,
ರೇಡಿಯೊ ಹೇಳಿತು:
ಕ್ಯಾಪ್ಟನ್ ಟೋಲೆಫ್ಸನ್‌ನನ್ನೂ ಕೊಟ್ಟುಬಿಟ್ಟಿದ್ದಾರೆ,
ಮೀಸೆ ಮೂಡದ ಇಬ್ಬರು ಹುಡುಗರಿಗೆ
ಮತ್ತು ಬರುವ ವರ್ಷದ ಒಂದು ಭರವಸೆಗೆ.

ಹತ್ತು ಚಳಿಗಾಲ ನಮಗಾಗಿ ಆಡಿದವನು.
ನಾಲ್ಕು ಹಲ್ಲು ಇಲ್ಲೇ ಬಿಟ್ಟ.
ಏಪ್ರಿಲ್‌ನಲ್ಲಿ ಅಂಗಳದ ಮಂಜುಗಡ್ಡೆ ಕರಗಿಸಿದಾಗ
ನೀಲಿ ಗೆರೆ, ಕೆಂಪು ಗೆರೆ, ಮಾಲೀಕರ ಜಾಹೀರಾತು
ಎಲ್ಲ ಒಂದೇ ಬಣ್ಣದ ಕೊಚ್ಚೆಯಾಗಿ ಚರಂಡಿಗಿಳಿಯಿತಲ್ಲ,
ಅದರಲ್ಲಿ ಹಲ್ಲೂ ಇತ್ತೋ ಏನೋ.

ಸ್ಟೋನಿ ನ್ಯಾರೋಸ್‌ನಲ್ಲಿ ಈಗ ಬಾಯಿ ಇದ್ದವರೆಲ್ಲ ಮ್ಯಾನೇಜರುಗಳು.
ಮಾಲೀಕ ತಂಡವನ್ನು ದಕ್ಷಿಣಕ್ಕೆ ಮಾರುತ್ತಾನಂತೆ,
ಮಂಜುಗಡ್ಡೆಯನ್ನು ಲೋಟದೊಳಗಷ್ಟೇ ಕಂಡ
ಯಾವುದೋ ಮರಳುಗಾಡಿನ ಊರಿಗೆ.
ಕ್ಷೌರಿಕ ಹೇಳುತ್ತಾನೆ, ಸುಳ್ಳು.
ಬ್ಯಾಂಕಿನ ಇಂಗ್ರಿಡ್ ಏನೂ ಹೇಳುವುದಿಲ್ಲ,
ನನಗೆ ಹೆದರಿಕೆ ಅದಕ್ಕೇ.
ಕಾಗದದ ಗಿರಣಿ ಮುಚ್ಚುವ ಮುಂಚೆಯೂ
ಅವಳು ಹೀಗೇ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದಳು.

ಫ್ರಿಜ್ಜಿನ ಬಾಗಿಲ ಮೇಲೆ ಮೀನಿನ ಅಯಸ್ಕಾಂತದಡಿ
ಸೀಸನ್ ಟಿಕೆಟ್ಟಿನ ಫಾರ್ಮು.
ಎಫ್ ಸಾಲು, ಹನ್ನೊಂದು ಮತ್ತು ಹನ್ನೆರಡು.
ಜುಲೈ ಮೂವತ್ತೊಂದು ಕಡೇ ದಿನ.

ಹನ್ನೊಂದು ನನ್ನದು.
ಹನ್ನೆರಡು ಎಮಿಲ್‌ನದು.
ಡಿವೋರ್ಸ್ ಆಗಿ ಒಂಬತ್ತು ವರ್ಷ.
ಮನೆ ನನಗೆ, ದೋಣಿ ಅವನಿಗೆ,
ನಾಯಿ ತಿಂಗಳಿಗೊಂದು ಕಡೆ, ಅದು ಸಾಯುವ ತನಕ.
ವಕೀಲ ಟಿಕೆಟ್ಟಿನ ಮಾತೆತ್ತಿದಾಗ
ಇಬ್ಬರೂ ಕಿಟಕಿಯಾಚೆ ನೋಡಿದೆವು.

ಹಾಗಾಗಿ ವರ್ಷಕ್ಕೆ ಮೂವತ್ತನಾಲ್ಕು ರಾತ್ರಿ
ಪಕ್ಕಪಕ್ಕ ಕೂರುತ್ತೇವೆ.
ರೆಫರಿಯನ್ನು ಒಟ್ಟಿಗೆ ಬೈಯುತ್ತೇವೆ, ಮದುವೆಯಲ್ಲಿದ್ದಾಗ
ಒಂದು ಮಾತನ್ನೂ ಹಾಗೆ ಒಟ್ಟಿಗೆ ಆಡಿದವರಲ್ಲ.
ಎರಡನೇ ವಿರಾಮದಲ್ಲಿ ಅವನು ಕಾಫಿ ತರುತ್ತಾನೆ,
ನನ್ನದಕ್ಕೆ ಸಕ್ಕರೆ ಬೇಡವೆಂಬುದು ಮರೆತಿಲ್ಲ.
ಕೊನೆಯ ಸೈರನ್ ಕೂಗಿದ ಮೇಲೆ
ಅವನ ಟ್ರಕ್ಕು ಎಡಕ್ಕೆ, ನನ್ನ ಕಾರು ಬಲಕ್ಕೆ.
ಬೇಸಿಗೆಯಲ್ಲಿ ಮಾತಿಲ್ಲ.
ಅಂಗಡಿಯಲ್ಲಿ ಎದುರಾದರೆ
ಇಬ್ಬರೂ ಟೊಮೆಟೊ ಆರಿಸುತ್ತೇವೆ.

ನಿನ್ನೆ ರಾತ್ರಿ ಹತ್ತೂಕಾಲು, ಇನ್ನೂ ಬೆಳಕಿತ್ತು.
ಫೋನು.
‘ವಾಂಡಾ, ಕೇಳಿದೆಯಾ?’ ಅಂದ.
‘ಕೇಳಿದೆ’ ಅಂದೆ.
‘ಎರಡನೇ ಸಾಲಿನ ಫಾರ್ವರ್ಡುಗಳ ಗತಿಯೇನು?’
‘ಗತಿಯೇನು’ ಅಂದೆ.
ಆಮೇಲೆ ಬಹಳ ಹೊತ್ತು
ಅವನ ಕಡೆಯ ಸೊಳ್ಳೆಬಲೆಯ ಬಾಗಿಲು
ಗಾಳಿಗೆ ಬಡಿಯುವ ಸದ್ದು.
ಆ ಬಾಗಿಲಿನ ಸ್ಕ್ರೂ ಬಿಗಿಮಾಡು ಅನ್ನಬೇಕೆನಿಸಿತು,
ಅನ್ನಲಿಲ್ಲ, ಆ ಬಾಗಿಲು ನನ್ನದಲ್ಲ.

ತಂಡ ಹೋದರೆ ಹೋಗಲಿ ಅನ್ನುವವರಿದ್ದಾರೆ.
ಹೋದೀತು.
ಅದರ ಹಿಂದೆ ಏನೇನು ಹೋಗುತ್ತದೆಂದು
ಯಾವ ರೇಡಿಯೊ ಎಣಿಸಿ ಹೇಳುತ್ತದೆ?

ಇವತ್ತು ಪಕ್ಕದ ಮನೆಯ ಕೋಲ್ಬಿ
ಗ್ಯಾರೇಜಿನ ಬಾಗಿಲಿಗೆ ಚೆಂಡು ಹೊಡೆಯುತ್ತಿದ್ದ.
ಜರ್ಸಿಯ ಬೆನ್ನಿನ ಮೇಲೆ ಟೋಲೆಫ್ಸನ್‌ನ ಹೆಸರಿಗೆ
ಕರೀ ಟೇಪು ಅಂಟಿಸಿದ್ದಾನೆ, ಸಿಟ್ಟಿಗೆ.
ಬಿಸಿಲಿಗೆ ಟೇಪಿನ ಒಂದು ತುದಿ ಎದ್ದಿತ್ತು,
ಕೊನೆಯ ಮೂರಕ್ಷರ ಇಣುಕುತ್ತಿದ್ದವು.
ಅಂಟಿಸಿಕೊಡಲಾ ಅಂತ ಕೇಳಿದೆ.
ಯೋಚಿಸಿದ.
ಬೇಡ, ಇರಲಿ, ಅಂದ.

ಒಳಗೆ ಬಂದು ಫಾರ್ಮು ತುಂಬಿದೆ.
ಎರಡು ಸೀಟು.
ಚೆಕ್ಕಿನಲ್ಲಿ ತಾರೀಕೊಂದು ಬಾಕಿ.